ಬೆಲ್ಲ ತಿಂದರೆ ಧೂಳು ಹೋಗುತ್ತಾ?

ಏನು ಕೆಲಸ ಮಾಡ್ತೀಯಾ ಅಂತ ಯಾರಾದರೂ ಕೇಳಿದರೆ, "ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಏನು ಮಾಡುತ್ತೆ ಅಂತ ನೋಡೋ ಲ್ಯಾಬ್‌ನಲ್ಲಿದ್ದೀನಿ" ಅನ್ನುತ್ತೇನೆ. ಮುಂದಿನ ಪ್ರಶ್ನೆ ಏನು ಅಂತ ಈಗ ನನಗೆ ಬಾಯಿಪಾಠ. ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಮನೆ ಕಟ್ಟಿಸುತ್ತಿರುವ ಗೆಳೆಯರ ವಾಟ್ಸಾಪ್‌ನಲ್ಲಿ, ಎಲ್ಲ ಕಡೆ ಅದೇ: "ಬೆಲ್ಲ ತಿಂದ್ರೆ ಒಳಗಿನ ಧೂಳೆಲ್ಲ ಹೋಗುತ್ತಂತಲ್ಲ, ನಿಜಾನಾ?"

ನಮ್ಮ ದೊಡ್ಡಪ್ಪನೂ ಹಾಗೇ ನಂಬಿದ್ದರು. ಮಾಲೂರು ಕಡೆ ಕಲ್ಲು ಕೆಲಸ. ಸಂಜೆ ಬಂದು ಕೈಕಾಲು ತೊಳೆದು ಅಡುಗೆಮನೆ ಹೊಸ್ತಿಲ ಮೇಲೆ ಕೂರುತ್ತಿದ್ದರು. ದೊಡ್ಡಮ್ಮ ಕೇಳದೇ ಒಂದು ಚೂರು ಬೆಲ್ಲ, ಒಂದು ಚೊಂಬು ನೀರು ತಂದಿಡುತ್ತಿದ್ದರು. ಬೆಲ್ಲ ಬಾಯಿಗೆ ಹಾಕಿಕೊಳ್ಳುವಾಗಲೂ ದೊಡ್ಡಪ್ಪನ ಹುಬ್ಬಿನ ಮೇಲೆ ಬಿಳಿ ಪುಡಿ ಕೂತೇ ಇರುತ್ತಿತ್ತು. "ಎದೆ ಕ್ಲೀನ್ ಆಯ್ತು ಕಣೋ" ಅನ್ನೋರು. ಕ್ಲೀನ್ ಆಗುತ್ತಿದ್ದದ್ದು ಗಂಟಲು.

ಹಾಗಾಗಿ ಉತ್ತರ: ಇಲ್ಲ, ಹೋಗಲ್ಲ. ಆದರೆ ಬೆಲ್ಲದ ಮಾತು ಬರೀ ಅಡಗೂಲಜ್ಜಿ ಕಥೆ ಅಂತ ನಗುವವರ ಜೊತೆಗೂ ನಾನಿಲ್ಲ. ಲಖನೌದ ಕೈಗಾರಿಕಾ ವಿಷಶಾಸ್ತ್ರ ಸಂಶೋಧನಾ ಕೇಂದ್ರದವರು ಇದನ್ನು ಇಲಿಗಳ ಮೇಲೆ ಪರೀಕ್ಷೆ ಮಾಡಿ 1994ರಲ್ಲಿ ಪ್ರಕಟಿಸಿದ್ದಾರೆ. ಇಲಿಗಳ ಶ್ವಾಸಕೋಶಕ್ಕೆ ಕಲ್ಲಿದ್ದಲ ಪುಡಿ, ಸಿಲಿಕಾ (ಕಲ್ಲು, ಮರಳಿನಲ್ಲಿರುವ ಗಟ್ಟಿ ಹರಳು) ಪುಡಿ ಹಾಕಿ, ಕೆಲವಕ್ಕೆ ಬೆಲ್ಲ ಕೊಟ್ಟರು. ಬೆಲ್ಲ ತಿಂದ ಇಲಿಗಳಲ್ಲಿ ಕಲ್ಲಿದ್ದಲ ಕಣಗಳು ಶ್ವಾಸಕೋಶದಿಂದ ಪಕ್ಕದ ಗ್ರಂಥಿಗಳಿಗೆ ಜಾಸ್ತಿ ಸಾಗಿದ್ದವು, ಗಾಯವೂ ಕಡಿಮೆ ಇತ್ತು. ಓದಿದಾಗ ದೊಡ್ಡಪ್ಪ ನೆನಪಾಗಿ ಖುಷಿಯಾಗಿತ್ತು. ಆದರೆ ಲ್ಯಾಬಿನ ಇಲಿ ಬೇರೆ, ಮನುಷ್ಯ ಇಪ್ಪತ್ತು ವರ್ಷ ದಿನಾ ಧೂಳು ಕುಡಿಯೋದು ಬೇರೆ. ಅದೂ ಅಲ್ಲದೆ "ಧೂಳು ಹೋಗುತ್ತಾ" ಅಂತ ಕೇಳುವಾಗ ನಮ್ಮ ತಲೆಯಲ್ಲಿರೋದು ಟಿವಿ ಮೇಲೆ ಕೂತ ಧೂಳು. ಒರೆಸಿದರೆ ಆಯ್ತು, ಅಲ್ವಾ? ಎದೆಯಲ್ಲಿ ಅದು ಹಾಗೆ ಸುಮ್ನೆ ಕೂರುವುದಿಲ್ಲ.

ದಪ್ಪ ಧೂಳು ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿಬೀಳುತ್ತದೆ. ಸೀನು, ಕಫ, ಮುಗೀತು. ಮರಳಿನ ಗುಡ್ಡೆಯಲ್ಲಿ ಆಡಿ ಬೆಳೆದ ನಮಗೆಲ್ಲ ಏನೂ ಆಗದಿದ್ದದ್ದು ಅದಕ್ಕೇ. ಮರಳಿನ ಕಾಳು ಒಳಗೆ ಇಳಿಯಲಾರದಷ್ಟು ದಪ್ಪ. ಕಲ್ಲನ್ನು ಯಂತ್ರದಲ್ಲಿ ಕೊಯ್ದಾಗ ಏಳುವ ಪುಡಿಯಲ್ಲಿ ಐದು ಮೈಕ್ರಾನ್‌ಗಿಂತ ಸಣ್ಣ ಕಣಗಳು ಇರುತ್ತವೆ. ತಲೆಗೂದಲಿನ ದಪ್ಪದಲ್ಲಿ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅವು ಕಣ್ಣಿಗೆ ಕಾಣಲ್ಲ, ಕೆಮ್ಮು ಬರಿಸಲ್ಲ, ನೇರ ಶ್ವಾಸಕೋಶದ ತುದಿಯ ಗಾಳಿಗೂಡುಗಳಿಗೆ ಹೋಗುತ್ತವೆ. ಅಲ್ಲಿ ಕಫ ತಳ್ಳುವ ರೋಮಗಳಿಲ್ಲ. ಕಸ ತೆಗೆಯಲು ಇರುವುದು ಒಂದು ಬಗೆಯ ಜೀವಕೋಶ, ಮ್ಯಾಕ್ರೊಫೇಜ್. ಹೆಸರಿನ ಅರ್ಥವೇ "ದೊಡ್ಡದಾಗಿ ತಿನ್ನುವುದು". ನಾನು ಅದನ್ನು ಹೊಟ್ಟೆಬಾಕ ಅನ್ನುತ್ತೇನೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮೆಚ್ನಿಕೋಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಇಂಥ ಜೀವಕೋಶಗಳು ಮುತ್ತಿಕೊಳ್ಳುವುದನ್ನು ನೋಡಿದರು. 1908ರಲ್ಲಿ ಅವರಿಗೆ ನೊಬೆಲ್ ಬಂತು.

ಹೊಟ್ಟೆಬಾಕನ ಕೆಲಸ ಸರಳ. ಬ್ಯಾಕ್ಟೀರಿಯಾ ಬಂದರೆ ನುಂಗು, ಒಳಗಿನ ಆಮ್ಲದ ಚೀಲದಲ್ಲಿ ಹಾಕಿ ಕರಗಿಸು. ಸಿಲಿಕಾ ಕಣವನ್ನೂ ಹಾಗೇ ನುಂಗುತ್ತದೆ. ಆದರೆ ಹರಳು ಕರಗಲ್ಲ. ಬದಲಿಗೆ ಚೀಲವನ್ನೇ ಹರಿಯುತ್ತದೆ. ಒಳಗಿನ ರಸ ಜೀವಕೋಶದೊಳಗೆ ಸೋರುತ್ತದೆ. ಆಗ ಎನ್‌ಎಲ್‌ಆರ್‌ಪಿ3 ಅನ್ನುವ ಪ್ರೋಟೀನು ಎಚ್ಚರಗೊಳ್ಳುತ್ತದೆ. ಅದು ಬೆಂಕಿ ಬಿದ್ದಾಗ ಹೊಡೆಯುವ ಸೈರನ್ ಇದ್ದ ಹಾಗೆ. ಸೈರನ್ ಹೊಡೆದರೆ ಐಎಲ್-1 ಬೀಟಾ ಎಂಬ ಸಂದೇಶ ಹೊರಗೆ ಹೋಗಿ ಉರಿಯೂತ ಶುರು. ಸಿಲಿಕಾ ಈ ಸೈರನ್ ಒತ್ತುವುದು ಹೇಗೆ ಅಂತ 2008ರಲ್ಲಿ ಬೇರೆ ಬೇರೆ ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ತೋರಿಸಿದವು.

ಇನ್ನು ನನಗೆ ಇವತ್ತಿಗೂ ಬೇಜಾರಾಗುವ ಭಾಗ. ಹೊಟ್ಟೆಬಾಕ ಸತ್ತು ಒಡೆಯುತ್ತದೆ. ಕಣ ಹೊರಗೆ ಬೀಳುತ್ತದೆ, ಒಂಚೂರೂ ಸವೆದಿರುವುದಿಲ್ಲ. ಪಕ್ಕದ ಹೊಟ್ಟೆಬಾಕ ಬಂದು ಅದನ್ನೇ ನುಂಗುತ್ತದೆ. ಅದೂ ಸಾಯುತ್ತದೆ. ಲ್ಯಾಬ್‌ನಲ್ಲಿ ರಾತ್ರಿಯಿಡೀ ಫೋಟೊ ತೆಗೆಯುವ ಮೈಕ್ರೋಸ್ಕೋಪಿನಲ್ಲಿ ಇದನ್ನು ನೋಡಿದ್ದೇನೆ. ಬೆಳಿಗ್ಗೆ ಬಂದು ಫೋಟೊಗಳನ್ನು ವೇಗವಾಗಿ ಓಡಿಸಿದರೆ, ದುಂಡಗೆ ತೆವಳಾಡುತ್ತಿದ್ದ ಜೀವಕೋಶ ಹೊಳೆಯುವ ಚುಕ್ಕಿಯ ಕಡೆ ಕೈ ಚಾಚುತ್ತದೆ, ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪೂರಿ ಥರ ಉಬ್ಬಿ ನಿಂತುಬಿಡುತ್ತದೆ. ಚುಕ್ಕಿ ಮಾತ್ರ ಅಲ್ಲೇ ಹೊಳೆಯುತ್ತಿರುತ್ತದೆ.

ಎದೆಯೊಳಗೆ ಇದು ವರ್ಷಗಟ್ಟಲೆ ನಡೆದಾಗ ಸುತ್ತಲಿನ ಜೀವಕೋಶಗಳು ಗಾಯಕ್ಕೆ ನಾರು ಹೆಣೆಯುತ್ತವೆ. ಈರುಳ್ಳಿ ಥರ ಸುತ್ತು ಸುತ್ತಾಗಿ ಗಟ್ಟಿ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಕಲ್ಲು ಕೆಲಸ ಬಿಟ್ಟ ಮೇಲೂ ಗಂಟು ಬೆಳೆಯಬಹುದು, ಯಾಕೆಂದರೆ ಕಣಗಳು ಒಳಗೇ ಇವೆ. ವಾಸಿ ಮಾಡುವ ಔಷಧಿ ಇಲ್ಲ. ಬೆಲ್ಲ ಈ ನಾಟಕದ ಯಾವ ಅಂಕದಲ್ಲಿ ಬರಬೇಕು ಹೇಳಿ. ಅನ್ನನಾಳದಲ್ಲಿ ಇಳಿಯುವ ಬೆಲ್ಲ ಗಾಳಿಗೂಡನ್ನು ಮುಟ್ಟುವುದೂ ಇಲ್ಲ.

ಬೆಲ್ಲದ ಹಿಂದೆಯೇ ಬರುವ ಮಾತು ಇನ್ನೊಂದಿದೆ. "ಎಕ್ಸ್‌ರೇ ತೆಗೆಸಿದ್ವಿ, ನಾರ್ಮಲ್ ಬಂತು, ಏನೂ ಇಲ್ಲ." ಎಕ್ಸ್‌ರೇಯಲ್ಲಿ ಕಾಣುವುದು ಧೂಳಲ್ಲ, ಗಾಯದ ಗಂಟು. ಅದು ಕಾಣುವಷ್ಟು ದಪ್ಪ ಆಗುವ ಹೊತ್ತಿಗೆ ಮೇಲೆ ಹೇಳಿದ ಕಥೆ ಸಾವಿರಾರು ಸಲ ನಡೆದಿರುತ್ತದೆ. ಈ ಫಿಲ್ಮ್ ಓದುವುದಕ್ಕೆ ಅಂತಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಒಂದು ಪದ್ಧತಿ ಇದೆ. ಮಾದರಿ ಫಿಲ್ಮ್‌ಗಳನ್ನು ಪಕ್ಕದಲ್ಲಿಟ್ಟುಕೊಂಡು ರೋಗಿಯ ಫಿಲ್ಮನ್ನು ಹೋಲಿಸಬೇಕು. ಚುಕ್ಕೆಗಳ ದಟ್ಟಣೆಗೆ ಹನ್ನೆರಡು ಮೆಟ್ಟಿಲು. ಅದರಲ್ಲಿ ನನಗೆ ಇಷ್ಟವಾದದ್ದು "1/0" ಅನ್ನುವ ಅಂಕ. ಅಂದರೆ, "ಒಂದು ಅಂತ ಬರೆಯುತ್ತಿದ್ದೇನೆ, ಆದರೆ ಸೊನ್ನೆ ಇರಬಹುದಾ ಅಂತಲೂ ಯೋಚಿಸಿದೆ." ಅನುಮಾನವನ್ನೂ ಬರೆದಿಡುವ ಇಂಥ ಪದ್ಧತಿ ನಮ್ಮ ಎಲ್ಲ ರಿಪೋರ್ಟುಗಳಲ್ಲೂ ಇದ್ದಿದ್ದರೆ ಚೆನ್ನಾಗಿತ್ತು. ಸಿಟಿ ಸ್ಕ್ಯಾನ್ ಇನ್ನೂ ಸಣ್ಣ ಗಂಟನ್ನು ಬೇಗ ತೋರಿಸುತ್ತದೆ. ಕ್ವಾರಿ ಕೆಲಸದವನಿಗೆ ಅದನ್ನು ಬರೆದುಕೊಡುವವರು ಯಾರು ಅನ್ನುವುದು ಬೇರೆ ಮಾತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಸಿಸಿ16 ಅನ್ನುವ ಶ್ವಾಸಕೋಶದ ಪ್ರೋಟೀನನ್ನು ರಕ್ತದಲ್ಲಿ ಅಳೆಯುವ ಕಿಟ್ ಮಾಡಿದ್ದಾರೆ. ಶ್ವಾಸಕೋಶ ಕೆಡುತ್ತಾ ಬಂದಂತೆ ಈ ಪ್ರೋಟೀನು ಕಡಿಮೆಯಾಗುತ್ತದೆ. ನನ್ನ ಆಸೆ ಇಂಥವುಗಳ ಮೇಲೆ.

ದೊಡ್ಡಪ್ಪನ ಎಕ್ಸ್‌ರೇಯಲ್ಲಿ ಚುಕ್ಕೆ ಕಂಡಾಗ ಆಸ್ಪತ್ರೆಯಲ್ಲಿ ಟಿಬಿ ಅಂದರು. ಮಾತ್ರೆ ಕೊಟ್ಟರು. ಆರು ತಿಂಗಳು ನುಂಗಿದರು, ಕೆಮ್ಮು ಹಾಗೇ. ಮತ್ತೆ ಆರು ತಿಂಗಳು. ಎರಡು ಕೋರ್ಸ್ ಮುಗಿಯುವವರೆಗೆ ಏನು ಕೆಲಸ ಮಾಡ್ತೀರಿ ಅಂತ ಒಬ್ಬರೂ ಕೇಳಿರಲಿಲ್ಲ. ಎರಡೂ ರೋಗದ ಕಲೆ ಶ್ವಾಸಕೋಶದ ಮೇಲ್ಭಾಗದಲ್ಲೇ ಜಾಸ್ತಿ, ಹಾಗಾಗಿ ತಪ್ಪಾಗುವುದು ಸುಲಭ. ಇನ್ನೂ ಗೋಜಲು ಏನೆಂದರೆ ಸಿಲಿಕೋಸಿಸ್ ಇದ್ದವರಿಗೆ ಟಿಬಿ ನಿಜವಾಗಿಯೂ ಬೇಗ ಅಂಟುತ್ತದೆ. ಟಿಬಿ ಕ್ರಿಮಿಯನ್ನು ಹಿಡಿಯಬೇಕಾದದ್ದು ಇದೇ ಹೊಟ್ಟೆಬಾಕ. ಅದು ಆಗಲೇ ಕಲ್ಲು ನುಂಗಿ ಸೋತಿರುತ್ತದೆ.

ಇದೇನೂ ಹೊಸ ರೋಗ ಅಲ್ಲ. ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪಟ್ಟಿಯೊಳಗೆ. ಬೆಣಚುಕಲ್ಲು ಅಂದರೆ ಅಪ್ಪಟ ಸಿಲಿಕಾ. 1940ರ ದಶಕದಲ್ಲೇ ಅಲ್ಲಿನ ಸಾವಿರಾರು ಕಾರ್ಮಿಕರ ಎದೆಯ ಎಕ್ಸ್‌ರೇ ತೆಗೆದು ಸಿಲಿಕೋಸಿಸ್ ಗುರುತಿಸಿದ್ದರು. ಗಣಿ 2001ರಲ್ಲಿ ಮುಚ್ಚಿತು. ಕಲ್ಲು ಕೊಯ್ಯುವುದು ಮುಚ್ಚಲಿಲ್ಲ, ಅಡುಗೆಮನೆಗೆ ಬಂತು. ಈಗ ಫ್ಯಾಷನ್ ಆಗಿರುವ, ಕ್ವಾರ್ಟ್ಜ್ ಅಂತ ಮಾರುವ ಕೃತಕ ಕಲ್ಲಿನ ಕಟ್ಟೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಸಿಲಿಕಾ ಇರಬಹುದು. ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಅದರ ಅರ್ಧವೂ ಇರಲ್ಲ. ಈ ಕೃತಕ ಕಲ್ಲು ಕೊಯ್ಯುವ ಹುಡುಗರಲ್ಲಿ ಹತ್ತು ವರ್ಷದೊಳಗೇ ಸಿಲಿಕೋಸಿಸ್ ಕಂಡು, ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧಿಸಿತು. ನಮ್ಮಲ್ಲಿ ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಸೈಟಿನಿಂದ ಸೈಟಿಗೆ ಮಷಿನ್ ಹೊತ್ತು ತಿರುಗುವವನಿಗೆ ಕಾರ್ಖಾನೆ ಎಲ್ಲಿದೆ?

ಲ್ಯಾಬ್‌ನಲ್ಲಿ ನಾನು ಸಿಲಿಕಾ ತೂಗುವುದು ಮಿಲಿಗ್ರಾಂ ಲೆಕ್ಕದಲ್ಲಿ. ಗಾಜಿನ ಕಪಾಟಿನೊಳಗೆ ಕೈ ಹಾಕಿ, ಎನ್95 ಮಾಸ್ಕ್ ಬಿಗಿದು, ಗ್ಲೌಸ್ ಹಾಕಿ ತೂಗುತ್ತೇನೆ. ಬಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಒಣ ಪೊರಕೆ ಮುಟ್ಟುವ ಹಾಗಿಲ್ಲ. ಒಂದು ಸಂಜೆ ಇದೆಲ್ಲ ಮುಗಿಸಿ ಮನೆಗೆ ಹೊರಟಿದ್ದೆ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗ ಕಟ್ಟೆಗೆ ಸಿಂಕ್ ಕೂರಿಸಲು ಕಲ್ಲು ಕೊಯ್ಯುತ್ತಿದ್ದ. ಬಿಳಿ ಮೋಡದೊಳಗೆ ಅವನ ಟವೆಲ್ ಕಟ್ಟಿದ ಮುಖ ಅಷ್ಟೇ ಕಾಣುತ್ತಿತ್ತು. ಟವೆಲ್ ಬಟ್ಟೆಯ ಎಳೆಗಳ ನಡುವೆ ಈ ಕಣಗಳು ತೇರು ಎಳೆದುಕೊಂಡು ಹೋಗಬಹುದು.

ಆ ಮನೆ ನನ್ನ ಗೆಳೆಯನದ್ದೇ. ಒಳಗಿಂದ ಬಂದವನು ಯಥಾಪ್ರಕಾರ, "ಇವನಿಗೆ ದಿನಾ ಬೆಲ್ಲ ಕೊಡ್ತಿದ್ದೀವಪ್ಪ, ಸಾಕಲ್ವಾ?" ಅಂದ. ನಾನು ಒಂದು ಖಾಲಿ ನೀರಿನ ಬಾಟಲ್ ಕೇಳಿದೆ. ಮುಚ್ಚಳಕ್ಕೆ ಮೊಳೆಯಲ್ಲಿ ಎರಡು ತೂತು ಹೊಡೆದು ನೀರು ತುಂಬಿದೆ. ಹುಡುಗನಿಗೆ ಕೊಡಹೋದರೆ ಅವನು ನಕ್ಕ. "ಗೊತ್ತು ಅಣ್ಣ, ನೀರು ಹಾಕಿದ್ರೆ ಧೂಳು ಕಮ್ಮಿ ಏಳುತ್ತೆ. ಆದ್ರೆ ಬ್ಲೇಡಿಗೆ ನೀರು ಬಿಡೋಕೆ ಇನ್ನೊಬ್ಬ ಬೇಕು. ಮೇಸ್ತ್ರಿ ಒಬ್ಬನಿಗೇ ಕೂಲಿ ಕೊಡೋದು."

ಸಿಂಕಿನ ತೂತು ಮುಗಿಯುವವರೆಗೆ ಬಾಟಲ್ ನಾನು ಹಿಡಿದೆ. ಬಿಳಿ ಕೆಸರು ಚರಂಡಿಗೆ ಹರಿಯಿತು. ಮಾರನೇ ದಿನದಿಂದ ಗೆಳೆಯ ಹಿಡಿದುಕೊಂಡ, ಗೊಣಗುತ್ತಲೇ.