ಮಂಡ್ಯ ಮಾತಿನ ಪ್ರಾಜೆಕ್ಟ್: ಬೇಡ ಅಂದವರ ದನಿ ತೆಗೆಯೋದು ಹೇಗೆ?

ಮಂಡ್ಯ ಕಡೆಯ ಮಾತನ್ನು ಬರಹಕ್ಕಿಳಿಸುವ ನನ್ನ ಪುಟ್ಟ ಎಐ ಪ್ರಾಜೆಕ್ಟ್‌ನಲ್ಲಿ ಈ ತಿಂಗಳು ಕೋಡ್‌ಗಿಂತ ಕಾನೂನಿನ ಕೆಲಸವೇ ಜಾಸ್ತಿ ಆಯಿತು. ವಿಸ್ಪರ್ ಅನ್ನೋ, ಮಾತು ಕೇಳಿ ಬರಹ ಮಾಡುವ ಎಐ ಮಾಡೆಲ್‌ಗೆ ನಮ್ಮ ಕಡೆಯ ದನಿಗಳನ್ನು ಕೇಳಿಸಿ ಪಳಗಿಸುತ್ತಿದ್ದೇನೆ.

ಈ ಸಲದ ರೆಕಾರ್ಡಿಂಗ್ ಮದ್ದೂರು ಹತ್ತಿರದ ಆಲೆಮನೆಯಲ್ಲಿ. ಗಾಣದ ಸದ್ದು ತೊಂದರೆಯಲ್ಲ, ಅದೂ ಬೇಕು. ಬೆಲ್ಲದ ಅಚ್ಚು ತೊಳೆಯುತ್ತಾ ಒಬ್ಬ ಅಜ್ಜಿ ಸೊಗಸಾಗಿ ಮಾತಾಡಿದರು. ನಡುವೆ ಪಕ್ಕದ ಮನೆಯವರ ಸಾಲದ ಕತೆಯೂ ಬಂತು, ಹೆಸರಿನ ಸಮೇತ. ಅಜ್ಜಿ ಒಪ್ಪಿದ್ದಾರೆ, ಸರಿ. ಪಕ್ಕದ ಮನೆಯವರನ್ನು ಕೇಳಿದವರು ಯಾರು? ಆ ತುಣುಕು ಕತ್ತರಿಸಿದೆ. ಮಾತಿನ ಸೊಗಡೆಲ್ಲ ಅಲ್ಲೇ ಇತ್ತು, ಹೊಟ್ಟೆ ಉರಿಯಿತು.

ಹೊರಡುವಾಗ ಅಜ್ಜಿ ಕೇಳಿದ್ದು: "ನಾಳಿಕ್ ಬ್ಯಾಡ ಅಂದ್ರೆ ತಗ್ದಾಕ್ಬುಡ್ತೀಯಾ ಮಗ?"

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೇಳುವುದೂ ಅದನ್ನೇ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು. ಏನನ್ನು, ಯಾಕೆ ತೆಗೆದುಕೊಳ್ಳುತ್ತೇವೆ ಅಂತ ಸರಳವಾಗಿ ಹೇಳಬೇಕು, ಬೇಕೆಂದರೆ ಕನ್ನಡದಲ್ಲೇ. 18 ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಹಾಗಾಗಿ ಮಕ್ಕಳ ದನಿ ಸದ್ಯಕ್ಕಿಲ್ಲ. ಸ್ವಂತ ಬಳಕೆಗಾದರೆ ಕಾಯ್ದೆ ಅನ್ವಯಿಸದು ಅನ್ನುವ ವಿನಾಯಿತಿ ಇದೆ, ನಿಜ. ಎಲ್ಲರಿಗೂ ಮಾಡೆಲ್ ಹಂಚುವ ಆಸೆ ಇಟ್ಟುಕೊಂಡು ಆ ನೆಪ ಹಿಡಿಯೋದು ಸರಿಯಲ್ಲ ಅಲ್ವಾ? 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ಮುಖ್ಯ ಕಟ್ಟಳೆಗಳಿಗೆ 18 ತಿಂಗಳ ಗಡುವು ಕೊಟ್ಟಿವೆ. ಅಲ್ಲಿಯವರೆಗೆ ಕಾಯುವ ಮನಸ್ಸಿಲ್ಲ.

ಆಡಿಯೊ ಫೈಲ್ ಅಳಿಸೋದು ಸುಲಭ. ಅದನ್ನು ಕೇಳಿ ಕಲಿತ ಮಾಡೆಲ್‌ನಿಂದ ಒಬ್ಬರ ದನಿ ಮಾತ್ರ ತೆಗೆಯೋದು ಕಾಫಿಯಲ್ಲಿ ಕರಗಿದ ಬೆಲ್ಲವನ್ನು ಆರಿಸಿದ ಹಾಗೆ. ನಂಬಬಹುದಾದ ದಾರಿ ಒಂದೇ: ಅವರನ್ನು ಬಿಟ್ಟು ಮೂಲ ವಿಸ್ಪರ್‌ಗೆ ಮೊದಲಿನಿಂದ ತರಬೇತಿ. ದೊಡ್ಡ ಕಂಪನಿಗಳಿಗೆ ಇದು ಭಾರಿ ಖರ್ಚಿನ ಬಾಬತ್ತು. ನನ್ನದಕ್ಕೆ ಕಂಪ್ಯೂಟರ್ ರಾತ್ರಿಯಿಡೀ ಓಡಿದರೆ ಆಯಿತು.

ಅದಕ್ಕೆ ಈಗ ಪ್ರತಿ ದನಿಗೂ ಒಂದು ಸಂಖ್ಯೆ. ಹೆಸರು, ಫೋನ್ ನಂಬರ್ ಬೇರೆ ಪುಸ್ತಕದಲ್ಲಿ, ಬೀರುವಿನೊಳಗೆ. ಯಾವ ತುಣುಕು ಮಾಡೆಲ್‌ನ ಯಾವ ಆವೃತ್ತಿಗೆ ಹೋಯಿತು ಅನ್ನೋ ಲೆಕ್ಕವೂ ಇದೆ. ಅಜ್ಜಿಯಂಥವರಿಗೆ ಇಮೇಲ್ ಎಲ್ಲಿಂದ ಬರಬೇಕು? ಒಪ್ಪಿಗೆಯನ್ನೂ ದನಿಯಲ್ಲೇ ಪಡೆದಿದ್ದೇನೆ. ಬೇಡ ಅನ್ನಿಸಿದರೆ ಒಂದು ಮಿಸ್ಡ್ ಕಾಲ್ ಸಾಕು, ನಾನೇ ವಾಪಸ್ ಫೋನ್ ಮಾಡುತ್ತೇನೆ.

ಮೂಲ ಆಡಿಯೊ ಮಾತ್ರ ಯಾರಿಗೂ ಕೊಡೋದಿಲ್ಲ. ಈಗ ಅರ್ಧ ನಿಮಿಷದ ದನಿ ಸಿಕ್ಕರೂ ನಕಲು ಮಾಡಿ "ಮಗಾ, ಅರ್ಜೆಂಟಾಗಿ ದುಡ್ಡು ಕಳ್ಸು" ಅನ್ನಿಸಬಹುದು.

ಮುಂದಿನ ವಾರ ನನ್ನದೇ ದನಿಯನ್ನು ತೆಗೆಸಿ, ಈ ಏರ್ಪಾಡು ಓಡುತ್ತದಾ ನೋಡಬೇಕು. ಓಡಿದರೆ ಮಳವಳ್ಳಿ ಕಡೆ ರೆಕಾರ್ಡಿಂಗ್ ಶುರು.