ಬೆಳಿಗ್ಗೆ ಏಳರ ಮೀಟಿಂಗು, ನಲವತ್ತೈದು ಸೆಕೆಂಡಿನ ಮಾತು

ಮದುವೆ ಗೊತ್ತಾದ ಮನೆಯವರು ಮೊದಲು ಹುಡುಕುವುದು ಛತ್ರ. ತಾರೀಖು ಗಟ್ಟಿಯಾದ ಮೇಲೆ ಅಡುಗೆಯವರು, ಹೂವಿನ ಅಲಂಕಾರದವರು, ಫೋಟೊದವರು. ಅಡುಗೆ ಕಾಂಟ್ರಾಕ್ಟರಿಗೆ ಫೋನು ಬರುವ ಹೊತ್ತಿಗೆ ಛತ್ರದ ಮ್ಯಾನೇಜರಿಗೆ ಅದು ಹಳೇ ಸುದ್ದಿ. ಬೇರೆ ಬೇರೆ ಕಸುಬಿನವರು ವಾರಕ್ಕೊಮ್ಮೆ ಸೇರಿ ಒಬ್ಬರಿಗೊಬ್ಬರು ಗಿರಾಕಿಗಳನ್ನು ಪರಿಚಯಿಸುವ ನೆಟ್‌ವರ್ಕಿಂಗ್ ಮೀಟಿಂಗಿಗೆ ಹೋಗುವವರು ಮೊದಲು ಯೋಚಿಸಬೇಕಾದ್ದು ಇದನ್ನೇ: ನಮ್ಮ ಗಿರಾಕಿಯ ಸುದ್ದಿ ನಮಗಿಂತ ಮೊದಲು ಯಾರ ಕಿವಿಗೆ ಬೀಳುತ್ತದೆ? ಬೆಂಗಳೂರಿನ ಪೀಣ್ಯದಲ್ಲಿ ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಬೇರೆ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಿಎನ್‌ಸಿ ಜಾಬ್‌ವರ್ಕ್ ಘಟಕಕ್ಕಾದರೆ ಟೂಲ್ ಡೀಲರು, ಸ್ಟೀಲ್ ವ್ಯಾಪಾರಿ, ಹೀಟ್ ಟ್ರೀಟ್‌ಮೆಂಟ್ ಮಾಡುವವರು. ಯಾವ ಕಾರ್ಖಾನೆಗೆ ಹೊಸ ಆರ್ಡರ್ ಬಂದಿದೆ ಎಂಬುದು ಇವರಿಗೆ ಬೇಗ ಗೊತ್ತಾಗುತ್ತದೆ. ಕೋಣೆಯಲ್ಲಿರುವ ನಲವತ್ತು ಜನರಲ್ಲಿ ಅಂಥವರು ಮೂರೋ ನಾಲ್ಕೋ ಇರಬಹುದು. ನಿಮ್ಮ ಹೊತ್ತು ಅವರ ಮೇಲೆ ಖರ್ಚಾಗಲಿ.

ಈ ಬಗೆಯ ವಾರದ ಮೀಟಿಂಗುಗಳಲ್ಲಿ ಹೆಚ್ಚು ಹೆಸರಾದದ್ದು ಬಿಎನ್‌ಐ (ಬಿಸಿನೆಸ್ ನೆಟ್‌ವರ್ಕ್ ಇಂಟರ್‌ನ್ಯಾಷನಲ್). 1985ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಐವನ್ ಮಿಸ್ನರ್ ಶುರು ಮಾಡಿದ್ದು. ಒಂದು ಚಾಪ್ಟರಿನಲ್ಲಿ, ಅಂದರೆ ಅದರ ಒಂದು ಸ್ಥಳೀಯ ಗುಂಪಿನಲ್ಲಿ, ಒಂದು ಕಸುಬಿಗೆ ಒಂದೇ ಸೀಟು ಅನ್ನುವುದು ಅದರ ಮುಖ್ಯ ನಿಯಮ. ಹಾಗಾಗಿ ದುಡ್ಡು ಕಟ್ಟುವ ಮೊದಲು ನಿಮ್ಮ ಸೀಟು ಖಾಲಿ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಮೇಲೆ ಹೇಳಿದ ಮೂರ್ನಾಲ್ಕು ಸೀಟುಗಳು ತುಂಬಿವೆಯೇ ನೋಡಿ. ಛತ್ರದವರೂ ಇಲ್ಲ, ಶಾಮಿಯಾನದವರೂ ಇಲ್ಲ ಅಂದರೆ ಅಡುಗೆಯವರಿಗೆ ಅಲ್ಲಿ ಇಡ್ಲಿ ವಡೆಯಷ್ಟೇ ಲಾಭ. ಮಾಲೆಲ್ಲ ಎರಡೋ ಮೂರೋ ದೊಡ್ಡ ಕಂಪನಿಗಳಿಗೇ ಹೋಗುವ ಘಟಕದವರು ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ, ಪೀಣ್ಯ ಕೈಗಾರಿಕಾ ಸಂಘದ ಸಭೆಗಳಿಗೋ ತುಮಕೂರು ರಸ್ತೆಯಲ್ಲಿ ನಡೆಯುವ ಯಂತ್ರೋಪಕರಣಗಳ ಇಮ್‌ಟೆಕ್ಸ್ ಮೇಳಕ್ಕೋ ಹೋಗುವುದು ವಾಸಿ.

ಮೀಟಿಂಗಿನಲ್ಲಿ ಒಬ್ಬೊಬ್ಬರಿಗೆ ಮಾತಾಡಲು ಸಿಗುವುದು ನಲವತ್ತೈದು ಸೆಕೆಂಡು, ಹೆಚ್ಚೆಂದರೆ ಒಂದು ನಿಮಿಷ. ಅರವತ್ತು, ಎಪ್ಪತ್ತು ಪದಕ್ಕಿಂತ ಜಾಸ್ತಿ ಬರೆದರೆ ಗಂಟೆ ಹೊಡೆಯುವಾಗ ನೀವಿನ್ನೂ ಪೀಠಿಕೆಯಲ್ಲೇ ಇರುತ್ತೀರಿ. ‘ಯಾರಿಗಾದರೂ ಮಷಿನಿಂಗ್ ಬೇಕಿದ್ದರೆ ಹೇಳಿ’ ಎಂದರೆ ಕೇಳುಗರ ತಲೆಯಲ್ಲಿ ಯಾವ ಮುಖವೂ ಮೂಡುವುದಿಲ್ಲ. ಹೀಗೆ ಹೇಳಿ ನೋಡಿ: ‘ಪೀಣ್ಯದಲ್ಲಿ ಸಿಎನ್‌ಸಿ ಟರ್ನಿಂಗ್ ಮಾಡುತ್ತೇನೆ. 50 ಮಿ.ಮೀ. ಒಳಗಿನ ಶಾಫ್ಟು, ಇನ್ನೂರರಿಂದ ಎರಡು ಸಾವಿರ ಪೀಸಿನ ಲಾಟು. ಈ ವಾರ ಬೇಕಾದ್ದು ಬೊಮ್ಮಸಂದ್ರದ ಕಡೆ ಪಂಪು ತಯಾರಿಸುವ ಕಾರ್ಖಾನೆಯ ಪರ್ಚೇಸ್‌ನವರ ಪರಿಚಯ. ವೆಂಡರ್ ಹೇಳಿದ ದಿನಕ್ಕೆ ಮಾಲು ಕೊಡುತ್ತಿಲ್ಲ ಅಂತ ಯಾರಾದರೂ ಗೊಣಗಿದರೆ ನನ್ನನ್ನು ನೆನೆಸಿಕೊಳ್ಳಿ.’ ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಕೊನೆಯ ಮಾತು. ಗಿರಾಕಿಯ ಬಾಯಿಂದ ಬರುವ ಗೊಣಗಾಟವನ್ನೇ ಕೊಟ್ಟರೆ ಕೇಳಿದವರಿಗೆ ಮುಂದಿನ ವಾರವೂ ನೆನಪಿರುತ್ತದೆ. ಆಡಿಟರಿಗೆ ಅದು ‘ಜಿಎಸ್‌ಟಿ ನೋಟಿಸ್ ಬಂದಿದೆ’, ಇಂಟೀರಿಯರ್‌ನವರಿಗೆ ‘ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಯ್ತು’. ವಾರಕ್ಕೊಂದೇ ಬೇಡಿಕೆ ಇರಲಿ.

ಇಪ್ಪತ್ತು ನಿಮಿಷ ಮೊದಲೇ ಹೋಗಿ ಕಾಫಿ ಇಟ್ಟ ಕಡೆ ನಿಂತುಕೊಳ್ಳಿ. ಅಲ್ಲಿಗೆ ಎಲ್ಲರೂ ಬರಲೇಬೇಕು. ವಿಸಿಟಿಂಗ್ ಕಾರ್ಡು ಹೊಳಪಿಲ್ಲದ ಮ್ಯಾಟ್ ಕಾಗದದ್ದಿರಲಿ. ಹೊಳಪಿನದರ ಮೇಲೆ ಪೆನ್ನು ಓಡುವುದಿಲ್ಲ, ಓಡಿದರೂ ಶಾಯಿ ಅಳಿಸುತ್ತದೆ. ತೆಗೆದುಕೊಂಡ ಕಾರ್ಡಿನ ಹಿಂದೆ ತಾರೀಖು, ಅವರಿಗೇನು ಬೇಕು, ನೀವೇನು ಒಪ್ಪಿಕೊಂಡಿರಿ, ಇಷ್ಟು ಬರೆಯಿರಿ. ಸಂಜೆಯೊಳಗೆ ವಾಟ್ಸಾಪಿನಲ್ಲಿ ಎರಡು ಸಾಲು ಸಾಕು. ಇಪ್ಪತ್ತು ಪುಟದ ಕ್ಯಾಟಲಾಗು ಕಳಿಸಿದರೆ, ಅದರ ಮೇಲೆ ದಿನಾ ಶುಭೋದಯದ ಚಿತ್ರ ಬೇರೆ ಕಳಿಸಿದರೆ, ಮ್ಯೂಟ್ ಆಗುವುದು ಖಂಡಿತ.

ನಿಜವಾದ ಕೆಲಸ ಆಗುವುದು ಮೀಟಿಂಗಿನ ಆಚೆ, ಇಬ್ಬರೇ ಕೂತು ಮಾತಾಡುವ ಮುಕ್ಕಾಲು ಗಂಟೆಯಲ್ಲಿ. ಹೋಟೆಲಿಗಿಂತ ಅವರ ಅಂಗಡಿ, ಶೆಡ್ಡಿಗೇ ಹೋಗಿ: ಮಷಿನು, ಗೋದಾಮು, ಕೆಲಸಗಾರರು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಯಾವ ಕೆಲಸದಲ್ಲಿ ಅವರಿಗೆ ಲಾಭ ಉಳಿಯುತ್ತದೆ, ಎಂಥ ಆರ್ಡರ್ ಬಂದರೆ ಬೇಡವೆನ್ನುತ್ತಾರೆ, ಎಷ್ಟು ದಿನ ಸಾಲ ಕೊಡಬಲ್ಲರು ಎಂದು ಕೇಳಿ. ಮೂರನೆಯದನ್ನು ಕೇಳುವುದಕ್ಕೆ ಸಂಕೋಚಪಡುವವರೇ ಜಾಸ್ತಿ, ರೆಫರಲ್, ಅಂದರೆ ಗಿರಾಕಿಯ ಪರಿಚಯ ಮಾಡಿಕೊಡುವುದು, ಕೆಡುವುದೂ ಅಲ್ಲೇ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ಆದರೆ 90 ದಿನಕ್ಕೆ ಒಗ್ಗಿಹೋದ ಗಿರಾಕಿಯನ್ನು ಪರಿಚಯಿಸಿದರೆ ಇಬ್ಬರ ಕೈಲೂ ಬೈಸಿಕೊಳ್ಳುವವರು ನಡುವೆ ನಿಂತ ನೀವು.

ಬರೀ ಫೋನ್ ನಂಬರು ಕೊಟ್ಟರೆ ಅದು ರೆಫರಲ್ ಅಲ್ಲ. ಮೊದಲು ಗಿರಾಕಿಗೆ ಹೇಳಿ ಒಪ್ಪಿಗೆ ಪಡೆದು, ಯಾವಾಗ ಫೋನು ಬರುತ್ತದೆ ಎಂದೂ ತಿಳಿಸಿದರೆ ಅದಕ್ಕೆ ಬೆಲೆ. ಪಡೆದುಕೊಂಡವರು ಮರುದಿನದೊಳಗೆ ಫೋನು ಮಾಡಬೇಕು. ಆರ್ಡರ್ ಸಿಗಲಿ, ತಪ್ಪಲಿ, ಕೊಟ್ಟವರಿಗೆ ವಾರದೊಳಗೆ ವರದಿ ಒಪ್ಪಿಸಬೇಕು. ಸುದ್ದಿಯೇ ಇಲ್ಲದಿದ್ದರೆ ಅವರಿಂದ ಎರಡನೆಯದು ಬರುವುದಿಲ್ಲ.

ವಾರಕ್ಕೆ ಎರಡು ಗಂಟೆ ಮೀಟಿಂಗು, ಒಂದು ಗಂಟೆ ಓಡಾಟ ಎಂದರೆ ವರ್ಷಕ್ಕೆ 150 ಗಂಟೆ. ಲೆಕ್ಕದ ಪುಸ್ತಕದಲ್ಲಿ ತಾರೀಖು, ಕೊಟ್ಟವರು, ಕೊಟೇಶನ್ ಮೊತ್ತ, ಬ್ಯಾಂಕಿಗೆ ಬಂದ ಹಣ ಎಂದು ನಾಲ್ಕು ಕಾಲಂ ಹಾಕಿ. ರೆಫರಲ್‌ನಿಂದ ಇಷ್ಟು ವ್ಯಾಪಾರವಾಯಿತೆಂದು ಮೀಟಿಂಗಿನಲ್ಲಿ ಚಪ್ಪಾಳೆಯೊಂದಿಗೆ ಓದುವ ಮೊತ್ತಕ್ಕೂ ಕೊನೆಯ ಕಾಲಂಗೂ ಅಂತರ ಇದ್ದೇ ಇರುತ್ತದೆ. ಆರು ತಿಂಗಳಾದರೂ ಆ ಕಾಲಂ ಖಾಲಿಯಿದ್ದರೆ, ಬಿಡುವ ಮುನ್ನ ಎಷ್ಟು ಜನರ ಶೆಡ್ಡಿಗೆ ಹೋಗಿ ಕೂತಿದ್ದೀರಿ ಎಣಿಸಿ. ಹತ್ತು ದಾಟಿದ್ದರೆ ಚಾಪ್ಟರ್ ಬದಲಿಸಿ, ದಾಟಿರದಿದ್ದರೆ ಮುಂದಿನ ವಾರಕ್ಕೆ ಇಬ್ಬರ ಹತ್ತಿರ ಸಮಯ ಕೇಳಿ.