ಪ್ರೀತಿ ಎಷ್ಟು ಪರ್ಸೆಂಟ್, ವಿಜ್ಞಾನ ಎಷ್ಟು ಪರ್ಸೆಂಟ್?

ನಾನು ಬರೆಯುವುದು ಸ್ಪೇಸ್ ಒಪೆರಾ. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ನೌಕೆಗಳು, ಗ್ರಹಗಳ ನಡುವಿನ ಯುದ್ಧ, ಏಳುವ ಬೀಳುವ ಸಾಮ್ರಾಜ್ಯಗಳು, ಇವೆಲ್ಲ ಇರುವ ದಪ್ಪ ಕಾದಂಬರಿಗಳು. ಅವುಗಳಲ್ಲಿ ಯಾರೋ ಇಬ್ಬರು ಪ್ರೀತಿಸುತ್ತಲೂ ಇರುತ್ತಾರೆ. ಇದು ಗೊತ್ತಾದ ಕೂಡಲೇ ಎದುರಿಗಿದ್ದವರು ಕೇಳುತ್ತಾರೆ: "ಪ್ರೀತಿ, ವಿಜ್ಞಾನ ಎರಡನ್ನೂ ಹೇಗೆ ಬ್ಯಾಲೆನ್ಸ್ ಮಾಡ್ತೀರಿ ಮೇಡಂ? ಯಾವುದು ಎಷ್ಟು ಪರ್ಸೆಂಟ್?"

ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಬ್ಯಾಲೆನ್ಸ್ ಮಾಡುವುದಿಲ್ಲ. ಒಂದು ಜಾಸ್ತಿಯಾದರೆ ಇನ್ನೊಂದು ಕಡಿಮೆ ಆಗಲೇಬೇಕು ಅನ್ನುವ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನಗೆ ಜಾಸ್ತಿ ಸಿಟ್ಟು ತರಿಸುತ್ತದೆ. ಎಂಜಿನ್ನು ಗಂಡಸರಿಗೆ, ಪ್ರೀತಿ ಹೆಂಗಸರಿಗೆ ಅಂತ ಮೊದಲೇ ಪಾಲು ಮಾಡಿಕೊಂಡು ಬಂದಿರುತ್ತಾರೆ. "ನನ್ನ ಹೆಂಡತಿಗೆ ಇಷ್ಟ ಆಗಬಹುದು, ನನಗೆ ಬರೀ ವಿಜ್ಞಾನ ಸಾಕು" ಅನ್ನುತ್ತಾರೆ. ಹೆಂಡತಿಯನ್ನು ಕೇಳಿರುವುದಿಲ್ಲ.

ಒಂದು ಪುಸ್ತಕ ಕಾರ್ಯಕ್ರಮದಲ್ಲಿ ಒಬ್ಬ ಓದುಗರು ಸಿಕ್ಕಿದ್ದರು. ತುಂಬಾ ಶ್ರದ್ಧೆಯ ಓದುಗರು. ನೌಕೆಯ ಇಂಧನದ ಲೆಕ್ಕವನ್ನು ಕೂತು ಪರೀಕ್ಷೆ ಮಾಡಿದ್ದರು. ನೌಕೆಯ ಒಳಗೆ ಕೃತಕ ಗುರುತ್ವ ಬರಲು ಚಕ್ರ ಎಷ್ಟು ವೇಗವಾಗಿ ತಿರುಗಬೇಕು ಅಂತಲೂ ಲೆಕ್ಕ ಹಾಕಿದ್ದರು. ನನಗೆ ನಿಜಕ್ಕೂ ಖುಷಿಯಾಯಿತು. ಆಮೇಲೆ ಅವರು ಹೇಳಿದರು, "ಲವ್ ಚಾಪ್ಟರ್‌ಗಳನ್ನೆಲ್ಲ ಬಿಟ್ಟು ಓದಿದೆ ಮೇಡಂ. ಕಥೆಗೇನೂ ತೊಂದರೆ ಆಗಲಿಲ್ಲ. ಒಂದೇ ಒಂದು ಡೌಟು. ಕೊನೆಯಲ್ಲಿ ಕ್ಯಾಪ್ಟನ್ ಗೆಲ್ಲುವ ಯುದ್ಧ ಬಿಟ್ಟು ನೌಕೆಯನ್ನು ಯಾಕೆ ಹಿಂದಕ್ಕೆ ತಿರುಗಿಸಿದಳು? ಅಲ್ಲಿ ಲಾಜಿಕ್ ಇಲ್ಲ."

ಲಾಜಿಕ್ ಇತ್ತು. ಅವರು ಬಿಟ್ಟ ಪುಟಗಳಲ್ಲೇ ಇತ್ತು. ಹಾಗಂತ ಹೇಳಿದೆ. ಅವರು ಬಿಡಲಿಲ್ಲ. "ಅದಕ್ಕೋಸ್ಕರ ಅಷ್ಟೊಂದು ಇಂಧನ ಸುಡ್ತಾರಾ?" ಅಂದರು.

ನೋಡಿ, ಅದೇ ನಾನು ಬರೆದದ್ದು! ಬಾಹ್ಯಾಕಾಶದಲ್ಲಿ ಬ್ರೇಕ್ ಹಾಕಿ ಯೂ ಟರ್ನ್ ಮಾಡಲು ಆಗುವುದಿಲ್ಲ. ತಡೆಯಲು ಗಾಳಿಯಿಲ್ಲ, ನೆಲವಿಲ್ಲ. ಬಂದ ವೇಗವನ್ನೆಲ್ಲ ಕಳೆಯಲು ಎಂಜಿನ್ ಉರಿಸಬೇಕು. ಆಮೇಲೆ ವಾಪಸ್ ಹೋಗಲು ಮತ್ತೆ ಉರಿಸಬೇಕು. ಹಾಗೆ ಮಾಡಿದರೆ ಮುಂದೆ ಎಲ್ಲಿಗೂ ಹೋಗಲು ಇಂಧನ ಉಳಿಯುವುದಿಲ್ಲ ಅಂತ ಆ ಕ್ಯಾಪ್ಟನ್‌ಗೆ ಗೊತ್ತು. ಗೊತ್ತಿದ್ದೂ ತಿರುಗಿಸುತ್ತಾಳೆ. "ನಾನು ನಿನ್ನನ್ನು ಪ್ರೀತಿಸುತ್ತೇನೆ" ಅಂತ ಅವಳು ಇಡೀ ಕಾದಂಬರಿಯಲ್ಲಿ ಒಮ್ಮೆಯೂ ಹೇಳುವುದಿಲ್ಲ. ಆ ಇಂಧನದ ಲೆಕ್ಕವೇ ಅವಳ ಮಾತು. ಅದನ್ನು ಕೂತು ಪರೀಕ್ಷೆ ಮಾಡಿದ ಆ ಓದುಗರಿಗೇ ಅವಳ ಪ್ರೀತಿ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಬೇಕಿತ್ತು. ಲೆಕ್ಕದ ಪಕ್ಕದ ಪುಟವನ್ನೇ ಬಿಟ್ಟುಬಿಟ್ಟರಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ವಿಜ್ಞಾನದ ಪುಟ ಹಾರಿಸುವವರೂ ಇದ್ದಾರೆ. ಅವರು ಕೇಳುತ್ತಾರೆ, "ಅಷ್ಟು ಬೇಜಾರು ಮಾಡಿಕೊಳ್ಳುವ ಬದಲು ಅವನು ಒಂದು ಫೋನ್ ಮಾಡಬಹುದಿತ್ತು ಅಲ್ವಾ?"

ಮಾಡಬಹುದಿತ್ತು, ಇಬ್ಬರೂ ಒಂದೇ ಗ್ರಹದಲ್ಲಿ ಇದ್ದಿದ್ದರೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ, ರೇಡಿಯೊ ಅಲೆಯೂ ಅಷ್ಟೇ. ಚಂದ್ರನಿಗೆ ಮಾತು ಮುಟ್ಟಲು 1.3 ಸೆಕೆಂಡ್ ಸಾಕು. ಮಂಗಳಕ್ಕಾದರೆ, ಅದು ಹತ್ತಿರ ಇದ್ದಾಗ ಸುಮಾರು 3 ನಿಮಿಷ, ದೂರ ಹೋದಾಗ ಸುಮಾರು 22 ನಿಮಿಷ. ಈಗ ಒಂದು ಜಗಳ ಬರೆಯಿರಿ. ಅವಳು ಭೂಮಿಯಲ್ಲಿ, ಅವನು ಮಂಗಳದಲ್ಲಿ, ನಡುವೆ 20 ನಿಮಿಷ. ಅವಳು ಸಿಟ್ಟಿನಲ್ಲಿ ಏನೋ ಅಂದುಬಿಡುತ್ತಾಳೆ. 10 ನಿಮಿಷಕ್ಕೆ ಮನಸ್ಸು ತಡೆಯದೆ "ತಪ್ಪಾಯ್ತು" ಅಂತ ಇನ್ನೊಂದು ಕಳಿಸುತ್ತಾಳೆ. 20ನೇ ನಿಮಿಷಕ್ಕೆ ಅವನಿಗೆ ಸಿಟ್ಟಿನ ಮಾತು ಮಾತ್ರ ಸಿಗುತ್ತದೆ. ಅವನೂ ಉರಿದುಬೀಳುತ್ತಾನೆ. 30ನೇ ನಿಮಿಷಕ್ಕೆ "ತಪ್ಪಾಯ್ತು" ಸಿಗುತ್ತದೆ. ಕರಗಿ ಹೋಗುತ್ತಾನೆ, "ನಾನು ಅಂದದ್ದನ್ನು ಮರೆತುಬಿಡು" ಅನ್ನುತ್ತಾನೆ. ಅವಳಿಗೆ 40ನೇ ನಿಮಿಷಕ್ಕೆ ಬರುವುದು ಅವನ ಕೋಪ. ಸಮಾಧಾನದ ಮಾತು ಬರುವುದು 50ನೇ ನಿಮಿಷಕ್ಕೆ. ನಡುವಿನ 10 ನಿಮಿಷ ಅವಳು ಏನಂದುಕೊಳ್ಳುತ್ತಾಳೆ? ಕ್ಷಮೆ ಕೇಳಿದರೂ ಇವನು ಬೈದ ಅಂತ. ಗಡಿಯಾರ ನೋಡಿ ಲೆಕ್ಕ ಹಾಕಿದರೆ ಆ ಬೈಗುಳ ಮೊದಲ ಮಾತಿಗೆ ಬಂದ ಉತ್ತರ ಅಂತ ಅವಳಿಗೂ ತಿಳಿಯುತ್ತದೆ. ಅಳುತ್ತಿರುವವರು ಗಡಿಯಾರ ನೋಡುತ್ತಾರಾ?

ಆ 10 ನಿಮಿಷವನ್ನು ಬರೆಯುವುದೇ ನನ್ನ ಕೆಲಸ. ಅದರಲ್ಲಿ ಯಾವುದು ಪ್ರೀತಿ, ಯಾವುದು ವಿಜ್ಞಾನ, ಬಿಡಿಸಿ ತೋರಿಸಿ ನೋಡೋಣ.

ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ. ಕಥೆಯಿಂದ ವಿಜ್ಞಾನ ತೆಗೆದರೂ ಆ ಪ್ರೀತಿ ಹಾಗೇ ನಡೆಯುತ್ತದೆ ಅಂದರೆ ಅದನ್ನು ಭೂಮಿಯಲ್ಲೇ ಬರೆಯಬಹುದು, ಸುಮ್ನೆ ನೌಕೆ ಯಾಕೆ? ಪ್ರೀತಿ ತೆಗೆದರೂ ನೌಕೆ ಅದೇ ದಾರಿಯಲ್ಲಿ ಹೋಗುತ್ತದೆ ಅಂದರೆ ಆ ಪ್ರೀತಿ ಅಲ್ಲಿ ಬೇಡ. ಇನ್ನು ಬೆಳಕಿಗಿಂತ ವೇಗವಾಗಿ ಹೋಗುವ ವಿಷಯ. ಸ್ಪೇಸ್ ಒಪೆರಾ ಬರೆಯುವವರು, ದೂರವನ್ನು ಅಡ್ಡದಾರಿಯಲ್ಲಿ ದಾಟಿಸುವ ವರ್ಮ್‌ಹೋಲನ್ನೋ ಇನ್ನೇನನ್ನೋ ಕಲ್ಪಿಸಿಕೊಳ್ಳುತ್ತೇವೆ. ಅದಿಲ್ಲದೆ ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟುವುದು ಕಷ್ಟ. ನಮಗೆ ತೀರಾ ಹತ್ತಿರದ ನಕ್ಷತ್ರ, ಸೂರ್ಯನನ್ನು ಬಿಟ್ಟರೆ, 4.24 ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗೇ ಅಲ್ಲಿಗೆ ಹೋಗಲು ನಾಲ್ಕು ವರ್ಷಕ್ಕೂ ಜಾಸ್ತಿ ಬೇಕು. ಆ ಕಲ್ಪನೆಗೆ ನನ್ನ ತಕರಾರಿಲ್ಲ. ಆದರೆ ಪ್ರೇಮಿಗಳು ಸೇರಲಿ ಅಂತ ಕೊನೆಯ ಅಧ್ಯಾಯದಲ್ಲಿ, ಆ ಕಲ್ಪನೆಗೆ ಮೊದಲೇ ಹಾಕಿದ ಮಿತಿಯನ್ನು ಮುರಿದರೆ ಓದುಗರಿಗೆ ಮೋಸ. ದೂರ ಸುಳ್ಳಾದರೆ ಕಾದದ್ದೂ ಸುಳ್ಳಾಗುತ್ತದೆ.

ಇನ್ನು ಕೆಲವರು, ಬಾಹ್ಯಾಕಾಶದಂಥ ಗಂಭೀರ ವಿಷಯದಲ್ಲಿ ಪ್ರೀತಿ ಗೀತಿ ಯಾಕೆ ಅನ್ನುತ್ತಾರೆ. 1977ರ ಜೂನ್ 1ರಂದು ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಲೇಖಕಿ ಆನ್ ಡ್ರುಯಾನ್ ಫೋನಿನಲ್ಲೇ ಮದುವೆಯಾಗಲು ನಿರ್ಧರಿಸಿದರು. ಇಬ್ಬರೂ ಆಗ ವೊಯೇಜರ್ ನೌಕೆಗಳಲ್ಲಿ ಕಳಿಸುವ, ಭೂಮಿಯ ಸದ್ದು, ಚಿತ್ರಗಳನ್ನು ತುಂಬಿದ ಚಿನ್ನದ ಲೇಪದ ಧ್ವನಿತಟ್ಟೆಯ ಕೆಲಸದಲ್ಲಿದ್ದರು. ಎರಡು ದಿನದ ನಂತರ ಡ್ರುಯಾನ್ ಅವರ ಮೆದುಳಿನ ಅಲೆಗಳನ್ನು ಆ ತಟ್ಟೆಗಾಗಿ ದಾಖಲಿಸಿಕೊಂಡರು. ಆಗ ಅವರು ಯೋಚಿಸಿದ ವಿಷಯಗಳಲ್ಲಿ ಪ್ರೀತಿಯಲ್ಲಿ ಬೀಳುವುದು ಹೇಗಿರುತ್ತದೆ ಅನ್ನುವುದೂ ಒಂದು. ವೊಯೇಜರ್ 1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಮನುಷ್ಯರು ಮಾಡಿದ ಯಾವ ವಸ್ತುವೂ ಅದಕ್ಕಿಂತ ದೂರ ಹೋಗಿಲ್ಲ. 2003ರಲ್ಲಿ ರಷ್ಯಾದ ಗಗನಯಾತ್ರಿ ಯೂರಿ ಮಲೆಂಚೆಂಕೊ ಬಾಹ್ಯಾಕಾಶ ನಿಲ್ದಾಣದಲ್ಲಿ ಇದ್ದುಕೊಂಡೇ ಟೆಕ್ಸಾಸ್‌ನಲ್ಲಿದ್ದ ವಧುವನ್ನು ಮದುವೆಯಾದರು. ಮದುವೆಯ ವಾದ್ಯಕ್ಕೆ ಜೊತೆಯ ಗಗನಯಾತ್ರಿ ಎಡ್ ಲೂ ಕೀಬೋರ್ಡ್ ನುಡಿಸಿದರು. ಪ್ರೀತಿಯನ್ನು ಅಲ್ಲಿಗೆ ಕಾದಂಬರಿಕಾರರು ಹೊತ್ತೊಯ್ದಿಲ್ಲ. ಮನುಷ್ಯರು ಹೋದಾಗ ಅದೂ ಹೋಯಿತು.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ಯಾರೂ ಕೇಳುವುದಿಲ್ಲ. ವಾಪಸ್ ಬಂದ ಮೇಲೆ ಏನಾಗುತ್ತದೆ?

25 ವರ್ಷದ ಇಬ್ಬರು. ಅವನು ಬೆಳಕಿನ ವೇಗದ ಶೇಕಡಾ 80ರಷ್ಟು ವೇಗದಲ್ಲಿ 10 ಜ್ಯೋತಿರ್ವರ್ಷ ದೂರದ ನಕ್ಷತ್ರಕ್ಕೆ ಹೋಗಿ, ತಕ್ಷಣ ಹೊರಟು ವಾಪಸ್ ಬರುತ್ತಾನೆ. ಇಲ್ಲಿ 25 ವರ್ಷ ಕಳೆದಿರುತ್ತದೆ. ಅಷ್ಟು ವೇಗದಲ್ಲಿ ಹೋಗುವವರ ಗಡಿಯಾರ ಇಲ್ಲಿಯ ಲೆಕ್ಕಕ್ಕೆ ನಿಧಾನವಾಗಿ ಓಡುತ್ತದೆ, ಅದಕ್ಕೇ ಅವನಿಗೆ ಕಳೆದಿರುವುದು 15 ವರ್ಷ. ಅವನಿಗೆ 40, ಅವಳಿಗೆ 50. ಐನ್‌ಸ್ಟೈನ್ 1905ರಲ್ಲೇ ಇದಕ್ಕೆ ಬೇಕಾದ ಗಣಿತ ಕೊಟ್ಟಿದ್ದಾರೆ. ವಯಸ್ಸಿನ ಈ ಅಂತರದ ಬಗ್ಗೆ ಬೇಕಾದಷ್ಟು ಕಥೆಗಳು ಬಂದಿವೆ. ನನ್ನನ್ನು ಹಿಡಿದಿಟ್ಟಿರುವುದು ಪತ್ರಗಳು.

ಇಬ್ಬರೂ ತಮ್ಮ ತಮ್ಮ ಗಡಿಯಾರದ ಪ್ರಕಾರ ತಪ್ಪದೆ ವರ್ಷಕ್ಕೊಂದು ಪತ್ರವನ್ನು ರೇಡಿಯೊದಲ್ಲಿ ಕಳಿಸುತ್ತಾರೆ ಅಂದುಕೊಳ್ಳಿ. ಅವನು ದೂರ ಹೋಗುತ್ತಿರುವಾಗ ಪ್ರತಿ ಪತ್ರವೂ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು, ಜೊತೆಗೆ ಅವನ ಗಡಿಯಾರವೂ ನಿಧಾನ. ಅವನು ದೂರ ಹೋಗುತ್ತಿರುವಾಗ ಬರೆದ ಪತ್ರಗಳು ಅವಳಿಗೆ ಮೂರು ವರ್ಷಕ್ಕೊಂದರಂತೆ ಬರುತ್ತವೆ. ಹೀಗೆ ಇಪ್ಪತ್ತೆರಡೂವರೆ ವರ್ಷ, ಯಾಕೆಂದರೆ ಅವನು ಹನ್ನೆರಡೂವರೆ ವರ್ಷಕ್ಕೆ ತಿರುಗಿದರೂ ಅದು ಇಲ್ಲಿಗೆ ತಿಳಿಯಲು ಇನ್ನೂ 10 ವರ್ಷ ಬೇಕು. ಅವನು ವಾಪಸ್ ಹೊರಟ ಮೇಲಿನ ಪತ್ರಗಳು ನಾಲ್ಕು ತಿಂಗಳಿಗೊಂದು ಬರುತ್ತವೆ, ಕೊನೆಯ ಎರಡೂವರೆ ವರ್ಷ ಮಾತ್ರ. ಅವನಿಗೂ ಮೊದಲು ಮೂರು ವರ್ಷಕ್ಕೊಂದೇ, ಆದರೆ ಅವನು ತಿರುಗಿದ ಕೂಡಲೇ, ಅವನ ಏಳೂವರೆ ವರ್ಷಕ್ಕೆ, ಆ ಬರ ಮುಗಿಯುತ್ತದೆ. ಆಮೇಲಿನ ಏಳೂವರೆ ವರ್ಷ ನಾಲ್ಕು ತಿಂಗಳಿಗೊಂದು ಬರುತ್ತಲೇ ಇರುತ್ತವೆ.

ನಾನೀಗ ಬರೆಯುತ್ತಿರುವ ಕಾದಂಬರಿ ಇವರದ್ದೇ. ಅವರ ಮೊದಲ ಜಗಳವನ್ನು ಬರೆದು ಮುಗಿಸಿದ್ದೇನೆ. "ಅರ್ಧ ದಾರಿ ಪೂರ್ತಿ ನಿನ್ನ ಪತ್ರ ಓದುತ್ತಲೇ ಬಂದೆ" ಅನ್ನುತ್ತಾನೆ ಅವನು. "ನೀನು ಮರೆತೇ ಬಿಟ್ಟೆ ಅಂದುಕೊಂಡು ಇಪ್ಪತ್ತೆರಡು ವರ್ಷ ಬದುಕಿದೆ" ಅನ್ನುತ್ತಾಳೆ ಅವಳು. ಇಬ್ಬರೂ ಕಳಿಸಿದ್ದು ವರ್ಷಕ್ಕೊಂದೇ. ಅವನು ಮೇಜಿನ ಮೇಲೆ ತಾರೀಖುಗಳನ್ನು ಹರಡಿ ಅದನ್ನು ತೋರಿಸಲು ಕೂತಿದ್ದಾನೆ. ಅವಳು ನೋಡಲು ಒಪ್ಪಿಲ್ಲ.